ಪುಟ್ಟಿಯ ಮದುವೆ ಜವಳಿ, ಒಡವೆ: ಹಿಂಬದಿ ನೋಡಿ ತನ್ನಿ

ಬರ್ಮಿಂಗ್‌ಹ್ಯಾಮ್
ಭಾನುವಾರ

ಪ್ರೀತಿಯ ಅಮ್ಮ, ಅಪ್ಪಯ್ಯ, ಅತ್ತಿಗೆ,

ಎಲ್ಲರಿಗೂ ನಮಸ್ಕಾರ. ನಾನಿಲ್ಲಿ ಕ್ಷೇಮ. ಅಡಿಕೆ ಕೊಯ್ಲು ಶುರುವಾಯ್ತು ಅಂತ ಅಣ್ಣ ಹೇಳಿದ. ಅಂದರೆ ಪುಟ್ಟಿ ಮದುವೆಯ ಜವಳಿ, ಒಡವೆ ಎರಡೂ ಅತ್ತಿಗೆಯ ಹೆಗಲಿಗೇ ಬಿದ್ದ ಹಾಗೆ. ಅತ್ತಿಗೆ, ಫೋನಿನಲ್ಲಿ ಹೇಳಿದ್ದು ಅಂಗಡಿಗೆ ಹೋದಾಗ ನೆನಪಿರುವುದಿಲ್ಲ. ಅದಕ್ಕೇ ಬರೆದು ಕಳಿಸ್ತಾ ಇದ್ದೇನೆ. ಈ ಕಾಗದ ಪರ್ಸಿನಲ್ಲಿ ಇಟ್ಟುಕೊಂಡೇ ಹೋಗಿ.

ಇಲ್ಲಿಂದ ಚಿನ್ನ ತರ್ತೀಯಾ ಅಂತ ಅಮ್ಮ ಕೇಳಿದ್ದಳಲ್ಲ, ಬೇಡ. ಇಲ್ಲಿನ ಜ್ಯುವೆಲ್ಲರಿ ಕ್ವಾರ್ಟರ್‌ನಲ್ಲಿ ವೈಸ್ ಸ್ಟ್ರೀಟ್ ಉದ್ದಕ್ಕೂ ಒಡವೆ ಅಂಗಡಿಗಳೇ. ಆದರೆ ಅಲ್ಲಿ ಹೆಚ್ಚಾಗಿ ಇರುವುದು 9 ಕ್ಯಾರೆಟ್, 18 ಕ್ಯಾರೆಟ್. 9 ಕ್ಯಾರೆಟ್ ಅಂದರೆ ನೂರಕ್ಕೆ ಮೂವತ್ತೇಳೂವರೆ ಪಾಲು ಮಾತ್ರ ಚಿನ್ನ. ಮೇಲೆ 20% ವ್ಯಾಟ್. ನಮ್ಮಲ್ಲಿ ಜಿಎಸ್‌ಟಿ 3%. ಕೆಲಸದ ನಾಜೂಕು ನೋಡುವುದಕ್ಕೆ ಮಾತ್ರ ಅದು ಒಳ್ಳೆಯ ಜಾಗ. ಇಲ್ಲಿನ ಶುದ್ಧತೆ ಪರೀಕ್ಷಾ ಕಚೇರಿ 1773ರಿಂದ ಬೆಳ್ಳಿಗೆ, 1824ರಿಂದ ಚಿನ್ನಕ್ಕೂ ಲಂಗರಿನ ಮುದ್ರೆ ಒತ್ತುತ್ತಾ ಬಂದಿದೆ. ಆ ಮುದ್ರೆ ಇರುವುದು ಉಂಗುರದ ಒಳಗಡೆ, ಬಿಲ್ಲೆಯ ಹಿಂದೆ. ನಾನು ನಿಮಗೆ ಹೇಳಬೇಕಾದ ಮುಖ್ಯ ಮಾತೂ ಇದೇ: ಮುಂಬದಿಯನ್ನು ಅಂಗಡಿಯವರು ತಾವಾಗಿ ತೋರಿಸುತ್ತಾರೆ, ಹಿಂಬದಿಯನ್ನು ನಾವು ಕೇಳಿ ತಿರುಗಿಸಿ ನೋಡಬೇಕು. ಒಡವೆಗೂ ಅಷ್ಟೇ, ಸೀರೆಗೂ ಅಷ್ಟೇ. ನನ್ನ ಸೂಟ್‌ಕೇಸಿನಲ್ಲಿ ಬರುವುದು ಇಲ್ಲಿನ ರ‍್ಯಾಗ್ ಮಾರ್ಕೆಟ್ ಅನ್ನುವ ಬಟ್ಟೆ ಸಂತೆಯ ಹತ್ತಿ ಲೇಸು, ಗುಂಡಿಗಳು ಇಷ್ಟೇ. ಉಳಿದದ್ದೆಲ್ಲ ಶಿವಮೊಗ್ಗ, ಸಾಗರದಲ್ಲಿ ಇದಕ್ಕಿಂತ ಚೆನ್ನಾಗಿ ಸಿಗುತ್ತೆ.

ಮೊದಲು ಅಜ್ಜಿಯ ಗುಂಡಿನ ಸರದ ವಿಚಾರ. ಅದನ್ನು ದಯವಿಟ್ಟು ಕರಗಿಸಬೇಡಿ. ಆ ಗುಂಡುಗಳು ಗಟ್ಟಿ ಚಿನ್ನದವಲ್ಲ, ತೆಳು ತಗಡಿನಲ್ಲಿ ಮಾಡಿ ಒಳಗೆ ಅರಗು ತುಂಬಿದವು. ಕರಗಿಸಿದಾಗ ಅರಗು ಸುಟ್ಟು ಹೋಗುತ್ತೆ, ಹಳೆಯ ಬೆಸುಗೆ ಇರುವುದರಿಂದ ಶುದ್ಧತೆಯೂ ಇಳಿಯುತ್ತೆ. ತಕ್ಕಡಿಯಲ್ಲಿ ಕಂಡ ತೂಕಕ್ಕೂ ಕೈಗೆ ಬರುವ ಲೆಕ್ಕಕ್ಕೂ ಭಾರೀ ವ್ಯತ್ಯಾಸ. ಆಮೇಲೆ ಹೊಸದಕ್ಕೆ ಮತ್ತೆ ಮಜೂರಿ, ವೇಸ್ಟೇಜ್ ಅಂತ ಸವಕಳಿ ಚಿನ್ನದ ದುಡ್ಡು ಕೊಡಬೇಕು. ಅದರ ಬದಲು ಹೊಸದಾಗಿ ಪೋಣಿಸಿಕೊಳ್ಳಿ. ಕೊಡುವ ಮುಂಚೆ ಗುಂಡು ಎಣಿಸಿ, ತೂಕ ಮಾಡಿಸಿ, ಫೋಟೊ ತೆಗೆದಿಡಿ. ಪ್ರತಿ ಗುಂಡಿನ ತೂತನ್ನೂ ನೋಡಿ: ಅಂಚು ಸೀಳಿದ್ದರೆ ಅದೇ ಬ್ಲೇಡಿನ ಹಾಗೆ ದಾರ ಕೊಯ್ಯುತ್ತೆ, ಅಲ್ಲಿಗೆ ಪುಟ್ಟ ಚಿನ್ನದ ಟೊಪ್ಪಿ ಕೂರಿಸಬೇಕು. ಎರಡು ಗುಂಡಿನ ನಡುವೆ ಸಣ್ಣ ಹವಳ ಹಾಕಿಸಿ. ಚಿನ್ನಕ್ಕೆ ಚಿನ್ನ ಉಜ್ಜಿ ಸವೆಯುವುದು ತಪ್ಪುತ್ತೆ, ಕೆಂಪು ಬೆರೆತು ಸರಕ್ಕೆ ಹಳೆಯ ಕಳೆಯೂ ಬರುತ್ತೆ. ಹೊಳಪು ಬರಲಿ ಅಂತ ಬಿಸಿನೀರಿಗೆ ಹಾಕಬೇಡಿ, ಅರಗು ಮೆತ್ತಗಾಗಿ ತೂತಿನಿಂದ ಹೊರಗೆ ಬರುತ್ತೆ. ಒದ್ದೆ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹವಳಕ್ಕೆ ಹುಣಸೆ, ನಿಂಬೆ ತಾಗಿಸಲೇಬೇಡಿ, ಹುಳಿ ಅದನ್ನು ತಿನ್ನುತ್ತೆ.

ಹೊಸ ಚಿನ್ನಕ್ಕೆ ಶಿವಮೊಗ್ಗದ ಗಾಂಧಿ ಬಜಾರಿಗೆ ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೇ ಹೋಗಿ. ಮಧ್ಯಾಹ್ನದ ಮೇಲೆ ಜನ, ಯಾರೂ ನಿಧಾನವಾಗಿ ತೋರಿಸುವುದಿಲ್ಲ. ಅಂಗಡಿಯ ಲೈಟಿನಲ್ಲಿ ಎಲ್ಲ ಒಡವೆಯೂ ಚಂದವೇ, ಬಾಗಿಲ ಹತ್ತಿರ ಹಗಲು ಬೆಳಕಿಗೆ ಹಿಡಿದು ನೋಡಿ. ಪುಟ್ಟಿಗೆ ಕತ್ತಿಗೆ ಅಂಟಿ ಕೂರುವ ಅಡ್ಡಿಕೆ, ಎದೆಯ ಮೇಲೆ ಅವಲಕ್ಕಿ ಸರ, ಜೊತೆಗೆ ಅಜ್ಜಿಯ ಗುಂಡಿನ ಸರ, ಇಷ್ಟೇ ಸಾಕು ಅಂತ ನನ್ನ ಅಭಿಪ್ರಾಯ. ಒಂದಕ್ಕೊಂದು ಮೂರು ಬೆರಳು ಜಾಗ ಇರಬೇಕು, ಇಲ್ಲದಿದ್ದರೆ ಎಲ್ಲ ಒಂದೇ ಮುದ್ದೆಯಾಗಿ ಕಾಣುತ್ತೆ. ಅವಲಕ್ಕಿ ಸರವನ್ನು ಕೈಯಲ್ಲಿ ತಿರುಗಿಸಿ: ಪ್ರತಿ ಎಸಳೂ ಸಲೀಸಾಗಿ ಆಡಬೇಕು. ಎಲ್ಲಾದರೂ ಬಿಗಿ ಹಿಡಿದರೆ ಅಲ್ಲಿ ಬೆಸುಗೆ ಕರಗಿ ಕೊಂಡಿಯೊಳಗೆ ಇಳಿದಿದೆ ಅಂತ, ನಾಳೆ ಮುರಿಯುವುದೂ ಅಲ್ಲೇ. ಜುಮುಕಿ ಭಾರವಿದ್ದರೆ ಕೂದಲಿಗೆ ಸಿಕ್ಕಿಸುವ ಸರಪಳಿ, ಅದೇ ಮಾಟಿ, ಜೊತೆಗೇ ತೆಗೆದುಕೊಳ್ಳಿ, ಮುಹೂರ್ತದಿಂದ ಆರತಕ್ಷತೆಯವರೆಗೆ ಕಿವಿ ಅಷ್ಟು ತಡೆಯುವುದಿಲ್ಲ. ತಿರುಪು ಅರ್ಧ ಸುತ್ತಿಗೇ ಬಿಗಿಯಾದರೆ ಎಳೆ ಸರಿಯಾಗಿ ಕೂತಿಲ್ಲ ಅಂತ ತಿಳಿದು ಬೇರೆ ಕೇಳಿ.

ಹಿಂಬದಿಯಲ್ಲಿ ಹಾಲ್‌ಮಾರ್ಕಿನ ಮೂರು ಗುರುತು ಇರಬೇಕು: ಸರ್ಕಾರದ ಗುಣಮಟ್ಟ ಸಂಸ್ಥೆ ಬಿಐಎಸ್‌ನ ಚಿಹ್ನೆ, 22ಕೆ916 ಅನ್ನುವ ಶುದ್ಧತೆ, ಆರು ಅಕ್ಷರ-ಅಂಕೆಗಳ ಗುರುತಿನ ಸಂಖ್ಯೆ ಎಚ್‌ಯುಐಡಿ. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಇಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವ ಹಾಗಿಲ್ಲ. 2 ಗ್ರಾಮಿಗಿಂತ ಕಡಿಮೆ ತೂಕದ್ದು, ಕುಂದನ್ ಕೆಲಸದ್ದು ಇಂಥ ಕೆಲವಕ್ಕೆ ವಿನಾಯಿತಿ ಇದೆ. ಭೂತಗನ್ನಡಿ ಕೇಳಿ ಇಸಿದುಕೊಂಡು ಓದಿ, ಅಲ್ಲೇ ನಿಂತು ಮೊಬೈಲಿನಲ್ಲಿ ಬಿಐಎಸ್ ಕೇರ್ ಆ್ಯಪಿಗೆ ಹಾಕಿ. ಅದು ಯಾವ ತರಹದ ಒಡವೆ ಅನ್ನುವುದನ್ನೂ ತೋರಿಸುತ್ತೆ. ನಿಮ್ಮ ಕೈಯಲ್ಲಿ ಬಳೆ ಇದ್ದು ಆ್ಯಪು ಉಂಗುರ ಅಂದರೆ, ಮಾತು ಬೆಳೆಸದೆ ಎದ್ದು ಬನ್ನಿ.

ಬಿಲ್ಲಿನಲ್ಲಿ ಜನ ಎಡವುವುದು ಕಲ್ಲಿನ ಒಡವೆಯಲ್ಲಿ. ಒಂದು ಅಡ್ಡಿಕೆ ತಕ್ಕಡಿಯಲ್ಲಿ 24.6 ಗ್ರಾಂ ತೂಗಿತು ಅಂದುಕೊಳ್ಳಿ, ಅದರಲ್ಲಿ ಕಲ್ಲು 3.1 ಗ್ರಾಂ. ನಿವ್ವಳ ಚಿನ್ನ 21.5 ಗ್ರಾಂ. ವೇಸ್ಟೇಜ್ 12% ಅಂದರೆ 2.58, ಒಟ್ಟು 24.08 ಗ್ರಾಮಿಗೆ ದುಡ್ಡು ಕೊಡಬೇಕು. ಕಲ್ಲು ಕಳೆಯದೆ ಹಾಗೇ ಲೆಕ್ಕ ಹಾಕಿದರೆ ಅದು 27.55 ಗ್ರಾಂ ಆಗುತ್ತೆ. ಹತ್ತಿರ ಹತ್ತಿರ ಮೂರೂವರೆ ಗ್ರಾಂ ಚಿನ್ನದ ಬೆಲೆ ಕಲ್ಲಿಗೆ ಹೋದ ಹಾಗಾಯ್ತು! ನಿವ್ವಳ ತೂಕ, ಶುದ್ಧತೆ, ಹಾಲ್‌ಮಾರ್ಕ್ ಶುಲ್ಕ ಮೂರನ್ನೂ ಬೇರೆಬೇರೆ ಬರೆಸಿಕೊಂಡ ಬಿಲ್ಲೇ ಬೇಕು. ಮುಂದೆ ಶುದ್ಧತೆ ಕಡಿಮೆ ಅಂತ ಗೊತ್ತಾದರೆ ಕೊರತೆಯ ಎರಡು ಪಟ್ಟು ಪರಿಹಾರ, ಜೊತೆಗೆ ಪರೀಕ್ಷೆಯ ಖರ್ಚು ಕೇಳುವ ಹಕ್ಕು ನಮಗಿದೆ. ಅದಕ್ಕೆ ಆಧಾರ ಆ ಬಿಲ್ಲು.

ಜಡೆಬಿಲ್ಲೆ, ಡಾಬು, ವಂಕಿ ಇವನ್ನು ಚಿನ್ನದಲ್ಲಿ ಮಾಡಿಸುವ ಗೋಜಿಗೆ ಹೋಗಬೇಡಿ. ಬಾಡಿಗೆಗೆ ಸಿಗುತ್ತೆ. ಒಂದು ಗ್ರಾಂ ಚಿನ್ನ ಅನ್ನುವ ಲೇಪನದ್ದು ಕೊಳ್ಳುವುದಾದರೆ ಫ್ಯಾನ್ಸಿ ಸ್ಟೋರಿನಲ್ಲಿ ಹಿಂಬದಿ ತಿರುಗಿಸಿ: ಹಿಂದೆಯೂ ಅದೇ ಬಣ್ಣ ಸಮವಾಗಿದ್ದರೆ ತೆಗೆದುಕೊಳ್ಳಿ, ಕೊಕ್ಕೆಯ ಬುಡದಲ್ಲಿ ಕಪ್ಪು ಹಸಿರು ಕಂಡರೆ ಬೇಡ. ಸೆಂಟು ಹೊಡೆದುಕೊಂಡು ಒಣಗಿದ ಮೇಲೆಯೇ ತೊಡಬೇಕು.

ಬಳೆ ಅಳತೆಯಲ್ಲಿ ಎಲ್ಲರೂ ಗೊಂದಲ ಮಾಡಿಕೊಳ್ಳುತ್ತಾರೆ. 2-4 ಅಂದರೆ ಎರಡು ಇಂಚು, ಮೇಲೆ ಹದಿನಾರರಲ್ಲಿ ನಾಲ್ಕು ಪಾಲು, ಅಂದರೆ ಎರಡೂಕಾಲು ಇಂಚು ಒಳವ್ಯಾಸ, 57 ಮಿಲಿಮೀಟರ್. 2-6 ಅಂದರೆ 60 ಚಿಲ್ಲರೆ. ಪುಟ್ಟಿ ಹೆಬ್ಬೆರಳನ್ನು ಅಂಗೈಗೆ ಮಡಚಿ ಹಿಡಿದಾಗ ಗಿಣ್ಣಿನ ಮೇಲೆ ಅತಿ ಅಗಲದ ಕಡೆ ದಾರ ಸುತ್ತಿ. ದಾರ 18 ಸೆಂಟಿಮೀಟರ್ ಬಂದರೆ 2-4, 19 ಬಂದರೆ 2-6. ಮಧ್ಯಾಹ್ನ ಅಳೆಯಿರಿ. ಹಸಿರು ಗಾಜಿನ ಬಳೆಗೆ ಮಾತ್ರ ಈ ಲೆಕ್ಕ ಬೇಡ, ಬಳೆಗಾರರೇ ಕೈ ಒತ್ತಿ ನೋಡಿ ಕೊಡಲಿ. ಸಾಗರದ ಮಾರಿಕಾಂಬಾ ಜಾತ್ರೆಯ ಬಳೆ ಅಂಗಡಿಗಳಷ್ಟು ಬಣ್ಣ ಬೇರೆಲ್ಲೂ ಸಿಗುವುದಿಲ್ಲ, ಆದರೆ ಅದು ಮೂರು ವರ್ಷಕ್ಕೊಮ್ಮೆ ಬರುವಂಥದ್ದು.

ಇನ್ನು ಜವಳಿ. ನೆಹರು ರಸ್ತೆ, ದುರ್ಗಿಗುಡಿ ಎರಡೂ ಕಡೆ ನೋಡಿ, ಒಂದೇ ದಿನ ಮುಗಿಸುವ ಆತುರ ಬೇಡ. ಧಾರೆ ಸೀರೆಯನ್ನು ಬಿಚ್ಚಿಸಿ ಒಳಮುಖ ತಿರುಗಿಸಿ. ಹಿಂದೆ ಉದ್ದುದ್ದ ಜರಿ ಎಳೆ ತೇಲುತ್ತಿದ್ದರೆ ಕಾಲುಂಗುರ, ಬಳೆ ಸಿಕ್ಕಿ ಎಳೆಯುತ್ತೆ. ಅಂಥ ಕಡೆ ತೆಳು ನೆಟ್ ಹಿಂಬದಿಗೆ ಹೊಲಿಸಬೇಕು. ರೇಷ್ಮೆಯೋ ಅಲ್ಲವೋ ಅನ್ನುವುದಕ್ಕೆ ಸೆರಗಿನ ತುದಿಯ ಎರಡು ಎಳೆ ಕೇಳಿ ಸುಡಿ: ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ, ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಕುಚ್ಚನ್ನು ಸೀರೆಯ ಎಳೆಯಲ್ಲೇ ಕಟ್ಟಿಸಿ, ಅದಕ್ಕೂ ಮುಂಚೆ ಪೀಕೋ ಮಾಡಿಸಿ ಸೆರಗಿನ ತುದಿ ಕತ್ತರಿಸಿಬಿಟ್ಟರೆ ಕಟ್ಟಲು ಎಳೆಯೇ ಉಳಿಯುವುದಿಲ್ಲ.

ರವಿಕೆಗೆ ಆರಿ ವರ್ಕ್ ಅಂದಿದ್ದೀರಿ. ಅಳತೆ ಮೊದಲು, ವರ್ಕ್ ಆಮೇಲೆ, ಕತ್ತರಿ ಕೊನೆಗೆ. ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು ಹಾಕುವ ಕೆಲಸ ಅದು, ಇಳಿಸಿದ ಮೇಲೆ ಬಟ್ಟೆ ಸ್ವಲ್ಪ ಮುದುರುತ್ತೆ. ಹಾಗಾಗಿ ಒಳಗೆ ಎರಡೂ ಪಕ್ಕ ಒಂದೊಂದು ಇಂಚು ಬಟ್ಟೆ ಬಿಡಲು ಟೈಲರಿಗೆ ಹೇಳಿ. ಲೈನಿಂಗ್ ಹತ್ತಿಯದ್ದೇ ಇರಲಿ, ರಾತ್ರಿ ನೆನೆಸಿ ಒಣಗಿಸಿ ಕೊಡಿ. ವರ್ಕ್ ಆದ ಮೇಲೆ ಲೈನಿಂಗ್ ಹಾಕುವ ಮುಂಚೆಯೇ ಹಿಂಬದಿ ನೋಡಬೇಕು. ಆರಿ ಅಂದರೆ ಸರಪಳಿ ಹೊಲಿಗೆ, ಸಾಲಿನ ಕೊನೆಯಲ್ಲಿ ಗಂಟು ಬಿದ್ದಿಲ್ಲದಿದ್ದರೆ ಒಂದು ಎಳೆ ಎಳೆದರೂ ಇಡೀ ಸಾಲು ಬಿಚ್ಚಿ ಮಣಿಯೆಲ್ಲ ನೆಲಕ್ಕೆ. ಪ್ರತಿ ಸಾಲಿನ ಕೊನೆಯನ್ನೂ ಉಗುರಲ್ಲಿ ಮುಟ್ಟಿ ನೋಡಿ. ಮದುವೆಗೆ ಮೂರು ವಾರ ಇರುವಾಗಲೇ ತೊಡಿಸಿ ನೋಡಿದರೆ ಸರಿಪಡಿಸಲು ಸಮಯ ಇರುತ್ತೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಹೆಗ್ಗೋಡಿನ ಪಕ್ಕದ ಭೀಮನಕೋಣೆಯ ಚರಕ. ಹೆಣ್ಣುಮಕ್ಕಳ ಸಹಕಾರ ಸಂಘ, ಕೈಮಗ್ಗದ ಹತ್ತಿ, ಗಿಡಮರದ ಬಣ್ಣ. ಬೀಗರ ಮನೆಗೆ ಉಡುಗೊರೆ, ಪುಟ್ಟಿಗೆ ದಿನಬಳಕೆಯ ಸೀರೆ ಎಲ್ಲ ಅಲ್ಲಿಂದಲೇ ಆಗಲಿ. ಅಂಚನ್ನು ಬೆಳಕಿಗೆ ಹಿಡಿದರೆ ಸಾಲಾಗಿ ಸೂಜಿ ಮೊನೆಯಷ್ಟು ತೂತು ಕಾಣುತ್ತವೆ. ಅದು ದೋಷವಲ್ಲ, ನೇಯುವಾಗ ಬಟ್ಟೆ ಮುದುಡದ ಹಾಗೆ ಎಳೆದು ಹಿಡಿಯುವ ಪಟ್ಟಿಯ ಮುಳ್ಳಿನ ಗುರುತು, ಕೈಮಗ್ಗದಲ್ಲಿ ಸಹಜ. ಅಡಿಕೆ ಚೊಗರಿನ ಕಂದುಗೆಂಪು ಬಣ್ಣ ನೋಡಿದರೆ ನಮ್ಮನೆ ಒಲೆಯ ಮೇಲಿನ ಹಂಡೆಯೇ ಕಣ್ಣಿಗೆ ಬರುತ್ತೆ. ಈ ಬಣ್ಣಕ್ಕೆ ಸೋಪಿನ ಪುಡಿ ಆಗುವುದಿಲ್ಲ. ಎಲೆಯಡಿಕೆಗೆ ಸುಣ್ಣ ಸೇರಿದರೆ ಬಾಯಿ ಕೆಂಪಾಗುತ್ತಲ್ಲ, ಹಾಗೆಯೇ ಸೋಪಿನ ಕ್ಷಾರಕ್ಕೆ ಬಟ್ಟೆಯ ಬಣ್ಣ ತಿರುಗುತ್ತೆ. ನಿಂಬೆಹುಳಿ ಬಿದ್ದರೆ ಅಲ್ಲಿಗಷ್ಟೇ ಬಿಳಿಚಿಕೊಂಡ ಕಲೆ. ಅಂಟುವಾಳದ ನೊರೆ, ತಣ್ಣೀರು, ನೆರಳಿನಲ್ಲಿ ಒಣಗಿಸುವುದು. ಮೀಟರ್ ಲೆಕ್ಕದಲ್ಲಿ ಕೊಂಡರೆ ಕುಗ್ಗುವುದನ್ನೂ ಲೆಕ್ಕ ಹಿಡಿಯಿರಿ: ನೂರಕ್ಕೆ ಐದು ಕುಗ್ಗಿದರೆ ಎರಡೂವರೆ ಮೀಟರಿನಲ್ಲಿ ಹನ್ನೆರಡೂವರೆ ಸೆಂಟಿಮೀಟರ್ ಹೋಯ್ತು. ಎರಡೂಮುಕ್ಕಾಲು ತನ್ನಿ, ನೆನೆಸಿ ಒಣಗಿಸಿ ಆಮೇಲೆ ಹೊಲಿಸಿ.

ಅಲ್ಲಿನ ಒಂದು ಬಿಳಿ ಹತ್ತಿ ದುಪಟ್ಟಾ ನನಗಾಗಿ ತೆಗೆದಿಡಿ. ಅದರ ಅಂಚಿಗೆ ಹಸೆ ಚಿತ್ತಾರ ಬರೆಸಬೇಕು. ಸಾಗರ, ಸೊರಬದ ಕಡೆ ದೀವರ ಹೆಂಗಸರು ಗೋಡೆಗೆ ಬರೆಯುವಾಗ ಕೆಮ್ಮಣ್ಣು, ಅಕ್ಕಿಹಿಟ್ಟು, ಸುಟ್ಟ ಅಕ್ಕಿ ಬಳಸುತ್ತಾರೆ, ಕುಂಚ ಪುಂಡಿ ನಾರಿನದ್ದು. ಗೋಡೆಯ ಬಣ್ಣ ಬಟ್ಟೆಯಲ್ಲಿ ಒಗೆದರೆ ನಿಲ್ಲುವುದಿಲ್ಲ, ಅದೇ ಕೆಂಪು, ಬಿಳಿ, ಕಪ್ಪಿನ ಫ್ಯಾಬ್ರಿಕ್ ಪೇಂಟ್ ಕೊಡಿ, ಕುಂಚ ಅವರದ್ದೇ ಇರಲಿ. ಚಿತ್ತಾರವೆಲ್ಲ ನೇರ ಗೆರೆ, ಬಟ್ಟೆ ಓರೆ ಇದ್ದರೆ ಗೆರೆಯೂ ಓರೆ, ಅದಕ್ಕೆ ಮೊದಲೇ ಇಸ್ತ್ರಿ ಮಾಡಿ ಹಲಗೆಗೆ ಬಿಗಿದು ಕೊಡಬೇಕು. ಒಂದು ದಿನ ಪೂರ್ತಿ ಒಣಗಲಿ, ಆಮೇಲೆ ಹಿಂಬದಿಯಿಂದ ಇಸ್ತ್ರಿ. ಬರೆದವರು ಕೇಳಿದ ದುಡ್ಡು ಕೊಡಿ, ಚೌಕಾಸಿ ಬೇಡ. ಆ ಗೆರೆಯ ಸಮ ಎಲ್ಲರ ಕೈಗೆ ಬರುವಂಥದ್ದಲ್ಲ.

ಬಾಸಿಂಗಕ್ಕೆ ಬೆಂಡು, ಗಂಧದ ಕೆತ್ತನೆ ಮಾಡುವ ಗುಡಿಗಾರರಿಗೆ ಒಂದು ತಿಂಗಳು ಮೊದಲೇ ಹೇಳಿ. ಬೆಂಡಿನ ಕೆಲಸ, ಹೂವಿಗಿಂತ ಹಗುರ, ಒಂದು ಹನಿ ನೀರು ಬಿದ್ದರೂ ಊದಿಕೊಳ್ಳುತ್ತೆ. ಅಕ್ಷತೆಯ ತಟ್ಟೆಯ ಪಕ್ಕ ಇಡಬೇಡಿ, ಗಟ್ಟಿ ರಟ್ಟಿನ ಡಬ್ಬದಲ್ಲಿ ಬೇರೆಯೇ ಇರಲಿ. ಅವರ ಹತ್ತಿರವೇ ಗಂಧದ ಮಣಿ ಸರ ನೋಡಿ. ಬೇರೆ ಕಡೆ ಬಿಳಿ ಮರಕ್ಕೆ ಎಣ್ಣೆ ಸವರಿ ಗಂಧ ಅಂತ ಮಾರುವುದುಂಟು. ಅಂಥ ಮಣಿಯ ಮೈ ಗಮ್ಮೆನ್ನುತ್ತೆ, ತೂತಿನ ಒಳಗೆ ವಾಸನೆ ಇರುವುದಿಲ್ಲ. ನಿಜವಾದದ್ದು ಸುಮ್ಮನಿದ್ದಾಗ ಮೆಲ್ಲಗೆ, ಉಜ್ಜಿದಾಗ ಜೋರಾಗಿ ಸೂಸುತ್ತೆ.

ಬೆಳ್ಳಿ ಗೆಜ್ಜೆ, ಕಾಲುಂಗುರಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಇಡಬೇಡಿ, ಅದರ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತೆ. ಅಮ್ಮ, ಮಳೆಗಾಲಕ್ಕೆ ಧಾರೆ ಸೀರೆಯನ್ನು ಅಪ್ಪಯ್ಯನ ಹಳೆಯ ಪಂಚೆಯಲ್ಲಿ ಸುತ್ತಿ ಲಾವಂಚದ ಬೇರು ಇಟ್ಟು, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸು. ನುಸಿಗುಳಿಗೆ ಜರಿಗೆ ತಾಗಬಾರದು.

ಅತ್ತಿಗೆ, ಪುಟ್ಟಿಯ ಬಳೆಯ ದಾರದ ಅಳತೆ, ರವಿಕೆಯ ಹಿಂಗತ್ತು ಎಷ್ಟು ಇಂಚು ಅನ್ನುವುದು, ಅಜ್ಜಿಯ ಸರದ ಗುಂಡಿನ ಲೆಕ್ಕ, ಈ ಮೂರನ್ನು ಈ ವಾರ ಬರೆದು ಕಳಿಸಿ. ಹಿಂಗತ್ತಿನ ಅಳತೆ ಬಂದ ಮೇಲೆಯೇ ಲೇಸು ಕೊಳ್ಳುತ್ತೇನೆ. ರ‍್ಯಾಗ್ ಮಾರ್ಕೆಟ್ ಇಲ್ಲಿ ಶನಿವಾರ ತೆರೆದಿರುತ್ತೆ.

ನಿಮ್ಮ ಪ್ರೀತಿಯ ಮಗಳು