ಮಗಳೇ, ಆ 19 ಮನೆಗಳ ವಿಷಯ

ಪುಟ್ಟಿ,

ನೀನು ಶಿವಮೊಗ್ಗಕ್ಕೆ ಹೋಗಿ ಇವತ್ತಿಗೆ ಆರು ದಿನ. ನನ್ನ ಫೋನು ಎತ್ತುತ್ತಿಲ್ಲ. ಪಂಚಾಯಿತಿ ಸದಸ್ಯತ್ವಕ್ಕೆ ರಾಜೀನಾಮೆ ಕೊಡ್ತೀನಿ ಅಂತ ಅಮ್ಮನ ಹತ್ತಿರ ಹೇಳಿದ್ದೀಯಂತೆ. ಆವತ್ತು ಅಂಗಳದಲ್ಲಿ ನಡೆದದ್ದನ್ನು ಮತ್ತೆ ಬರೆಯುವುದಿಲ್ಲ. ಇಬ್ಬರಿಗೂ ನೆನಪಿದೆ, ಸಾಕು.

ತಪ್ಪು ನನ್ನದು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮತದಾನದ ಹಿಂದಿನ ರಾತ್ರಿ ಹೊಳೆಯಾಚೆಯ 19 ಮನೆಗೆ ಹೋದೆ. ಮನೆಗೆ 500 ರೂಪಾಯಿಯಂತೆ ಕೊಟ್ಟೆ. ನೀನು ಗೆದ್ದದ್ದು 14 ಮತದಿಂದ. ಆ ಮನೆಗಳಲ್ಲೊಂದರ ಅಜ್ಜಿ ನೋಟು ತಂದು ನಿನ್ನ ಕೈಗೇ ವಾಪಸ್ ಕೊಟ್ಟಾಗ ನಿನ್ನ ಮುಖ ನೋಡಿದೆನಲ್ಲ, ಅದು ಕಣ್ಣ ಮುಂದಿಂದ ಹೋಗುತ್ತಿಲ್ಲ.

ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಕಥೆ ಹೇಳಿ ನಿನ್ನನ್ನು ಬೆಳೆಸಿದವನು ನಾನು. ನನಗೆ ಹೇಳಿದವರು ನಿನ್ನ ಅಜ್ಜ. ಅಪ್ಪಯ್ಯ ಆ ಒಂದು ರೂಪಾಯಿಯ ವಿಷಯ ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ. ಹೇಳುವಾಗೆಲ್ಲ ಅವರ ಕೈ ಸೊಂಟದ ಎಲೆಅಡಿಕೆ ಚೀಲಕ್ಕೆ ಹೋಗುತ್ತಿತ್ತು.

ಕಾಗೋಡು ಸತ್ಯಾಗ್ರಹ ಶುರುವಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಗೇಣಿ ಭತ್ತ ಅಳೆಯುವ ಜಮೀನು ಒಡೆಯರ ಕೊಳಗ ದೊಡ್ಡದು, ಅಳತೆ ಸರಿಯಾಗಬೇಕು ಅಂತ ಎದ್ದ ಜಗಳ ಅದು. 1951ರಲ್ಲಿ ರೈತರು ಜೈಲು ಸೇರಿದರು. ಸೋಷಲಿಸ್ಟ್ ನಾಯಕ ರಾಮಮನೋಹರ ಲೋಹಿಯಾ ಬಂದು ಅವರೂ ಬಂಧನಕ್ಕೊಳಗಾದರು. ಮರುವರ್ಷವೇ ಮೊದಲ ಚುನಾವಣೆ. ಗೌಡರು ಸೋಷಲಿಸ್ಟ್ ಪಕ್ಷದಿಂದ ನಮ್ಮ ಸಾಗರದ ಕಡೆ ನಿಂತರು. ವಯಸ್ಸು ಇನ್ನೂ 30 ಆಗಿರಲಿಲ್ಲ. ನಿನಗೀಗ 28. ಅವರ ಕೈಯಲ್ಲಿ ಕಾಸಿಲ್ಲ. 'ಒಂದು ಓಟು, ಒಂದು ನೋಟು' ಅಂತ ಜನರ ಹತ್ತಿರವೇ ಕೇಳಿದರು.

ಅಪ್ಪಯ್ಯ ಸೀಮೆಎಣ್ಣೆಗೆ ಅಂತ ಇಟ್ಟಿದ್ದ ರೂಪಾಯಿ ಕೊಟ್ಟರು. ಆ ವಾರ ಮನೆಯಲ್ಲಿ ಕತ್ತಲಾಗುವ ಮೊದಲೇ ಉಂಡು ಮಲಗಿದರಂತೆ. ದುಡ್ಡೂ ನಮ್ಮದು, ಓಟೂ ನಮ್ಮದು, ಹಾಗಾಗಿ ಆ ಮನುಷ್ಯನೂ ನಮ್ಮವನು. ಅಪ್ಪಯ್ಯನ ಲೆಕ್ಕ ಇಷ್ಟೇ. ಕೊಟ್ಟದ್ದು ನೋಟೋ ನಾಣ್ಯವೋ ಅಂತ ನಾನು ಒಮ್ಮೆಯೂ ಕೇಳಲಿಲ್ಲ. ಈಗ ರಾತ್ರಿ ನಿದ್ದೆ ಬರದಿದ್ದಾಗ ಅದೇ ಪ್ರಶ್ನೆ ಬರುತ್ತದೆ. ಯಾರ ಕೈಗೆ ಕೊಟ್ಟರು? ಎಲ್ಲಿ ನಿಂತು ಕೊಟ್ಟರು? ಅಮ್ಮಮ್ಮ ಏನೂ ಅನ್ನಲಿಲ್ಲವಾ? ಆ ಅಪ್ಪಯ್ಯನ ಮಗ ನಾನು, ಟಾರ್ಚ್ ಆರಿಸಿಕೊಂಡು ಸಂಕ ದಾಟಿ ಹೋಗಿ ಓಟಿಗೆ ದುಡ್ಡು ಕೊಟ್ಟು ಬಂದೆ.

ಯಾಕೆ ಕೊಟ್ಟೆ ಅಂತ ಕೇಳಿದೆಯಲ್ಲ. ಭಯ ಪುಟ್ಟಿ. 1952ರಲ್ಲಿ ಗೆದ್ದ ಅದೇ ಗೌಡರು 1957ರಲ್ಲಿ ಸೋತರು. ನಿನಗೆ ಕಥೆ ಹೇಳುವಾಗ ನಾನು ಅದನ್ನು ಯಾವಾಗಲೂ ಹಾರಿಸಿಬಿಡುತ್ತಿದ್ದೆ. ರೈತರಿಗಾಗಿ ಅಷ್ಟು ಹೋರಾಡಿದವರನ್ನೇ ಜನ ಮನೆಗೆ ಕಳಿಸಿದರಲ್ಲ, ನಿನ್ನನ್ನು ಬಿಡುತ್ತಾರಾ ಅಂತ ಅನ್ನಿಸಿತು. ನೀನು ಸೋತು ಬಂದು ಜಗಲಿಯಲ್ಲಿ ಸುಮ್ನೆ ಕೂರುವುದನ್ನು ನೋಡುವ ಶಕ್ತಿ ನನಗಿರಲಿಲ್ಲ.

ಗೌಡರು ಮತ್ತೆ ಎದ್ದು ನಿಂತರು, ಅದನ್ನೂ ಹೇಳಬೇಕು. 1962ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು, 1967ರಲ್ಲಿ ಮತ್ತೆ ಗೆದ್ದರು. ಕೊನೆವರೆಗೂ ವಿರೋಧ ಪಕ್ಷದಲ್ಲೇ ಇದ್ದರು, ಮಂತ್ರಿಯಾಗಲಿಲ್ಲ. ಕಾಯಿಲೆ ಬಿದ್ದು 1972ರ ಜೂನ್ 9ರಂದು ತೀರಿಹೋದಾಗ 49 ವರ್ಷ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಡಿ ಎಂದು ಹಟ ಹಿಡಿದವರು. ಆ ಹೆಸರು ಬಂದದ್ದು 1973ರ ನವೆಂಬರ್‌ನಲ್ಲಿ. ಉಳುವವನಿಗೆ ಭೂಮಿ ಕೊಡುವ ಕಾನೂನು ಜಾರಿಯಾದದ್ದು 1974ರ ಮಾರ್ಚ್‌ನಲ್ಲಿ. ಎರಡನ್ನೂ ಅವರು ನೋಡಲಿಲ್ಲ. ನಾವು ಗೇಣಿಗೆ ಉಳುತ್ತಿದ್ದ ಗದ್ದೆ ನಮ್ಮ ಹೆಸರಿಗೆ ಕೇಳುವ ಅರ್ಜಿ, ಫಾರಂ 7, ತುಂಬಿದವನು ನಾನೇ, ಆಗ ಹೈಸ್ಕೂಲು. ಅಪ್ಪಯ್ಯ ಹೆಬ್ಬೆಟ್ಟು ಒತ್ತಿ, ಮಸಿ ಒರೆಸಿಕೊಳ್ಳುತ್ತಾ, "ಗೌಡ್ರು ಇರಬೇಕಿತ್ತು" ಅಂದರು. ಬೇರೆ ಏನೂ ಮಾತಾಡಲಿಲ್ಲ.

49 ವರ್ಷ ಅಂದರೆ ಏನು ವಯಸ್ಸು? ಅದಕ್ಕೇ ಹೇಳುವುದು, ಊಟ ಬಿಟ್ಟು ಮೀಟಿಂಗಿಗೆ ಓಡಬೇಡ. ಬಿಪಿ ನಮ್ಮ ಮನೆತನದಲ್ಲೇ ಇದೆ. ಓದದೆ ಯಾವ ನಡಾವಳಿಗೂ ಸಹಿ ಹಾಕಬೇಡ. ಸಿಟ್ಟು ಬಂದಾಗ ಒಂದು ರಾತ್ರಿ ಕಳೆಯಲಿ, ಆಮೇಲೆ ಉತ್ತರ ಕೊಡು. ರಾಜೀನಾಮೆಯೂ ಹಾಗೇ... ಇಲ್ಲ, ಅದರ ಬಗ್ಗೆ ನಾನು ಹೇಳಬಾರದು. ಕೊಡುವುದಾದರೆ ಕೊಡು, ಅದು ನಿನ್ನ ತೀರ್ಮಾನ. ಮರುಚುನಾವಣೆಗೆ ನೀನು ನಿಂತರೆ ನನ್ನನ್ನು ಪ್ರಚಾರಕ್ಕೆ ಕರೆಯಬೇಡ, ಬೇಜಾರು ಮಾಡಿಕೊಳ್ಳುವುದಿಲ್ಲ.

ಒಂದು ಮಾತು ನಂಬು. ಹೊಳೆಯ ಈಚೆ ನಾನು ಒಬ್ಬರಿಗೂ ಒಂದು ಪೈಸೆ ಕೊಟ್ಟಿಲ್ಲ. ಮಳೆಯಲ್ಲಿ ಛತ್ರಿ ಹಿಡಿದು, ಕೈಬರಹದ ಚೀಟಿ ಹಂಚಿ, ನಲ್ಲಿ ನೀರಿನ ವಿಷಯ ಮಾತಾಡಿ ನೀನು ತಂದ ಓಟು ಅವು. ನೀನು ಮಾತಾಡುವುದನ್ನು ಹಿಂದೆ ಸೋಗೆ ಮಾಡಿನ ಕೆಳಗೆ ನಿಂತು ಕೇಳಿದ್ದೆ. ಅಪ್ಪಯ್ಯ ಕೇಳಬೇಕಿತ್ತು ಅನ್ನಿಸಿತ್ತು.

ಅಜ್ಜಿ ಕೊಟ್ಟ ನೋಟನ್ನು ನೀನು ಜಗಲಿ ಮೇಲೆ ಬಿಟ್ಟು ಹೋದೆ. ಅದನ್ನು ನಾನು ಮುಟ್ಟಿಲ್ಲ. ಗಾಳಿಗೆ ಹಾರದ ಹಾಗೆ ಅಮ್ಮ ಅದರ ಮೇಲೆ ಅಡಿಕೆ ಕತ್ತರಿ ಇಟ್ಟಿದ್ದಾಳೆ.

ಬರುವ ಭಾನುವಾರ 19 ಮನೆಗೂ ಹೋಗುತ್ತೇನೆ, ಈ ಸಲ ಹಗಲಲ್ಲಿ. ದುಡ್ಡು ವಾಪಸ್ ಕೇಳುವುದಿಲ್ಲ. ನನ್ನ ಮಗಳಿಗೆ ಇದು ಗೊತ್ತಿರಲಿಲ್ಲ, ಮಾಡಿದ್ದು ನಾನು ಅಂತ ಹೇಳಿ ಬರುತ್ತೇನೆ. ಮೊದಲು ಅಜ್ಜಿ ಮನೆ. ನಿನಗೆ ಬರಬೇಕು ಅನ್ನಿಸಿದರೆ ಬಾ. ಮಧ್ಯಾಹ್ನದವರೆಗೂ ಹೊಳೆಯಾಚೆಯೇ ಇರುತ್ತೇನೆ.

ಅಪ್ಪ