ಬರಕ್ಕೂ ಪತನಕ್ಕೂ ನಡುವಿನ ವರ್ಷಗಳು

ಧಾರವಾಡ

ತಂಗಿ,

ಹವಾಮಾನ ಮನುಷ್ಯನನ್ನ ಹೆಂಗ ಬದಲಿಸಿತು ಅಂತ ಬರೆದು ಹಾವೇರಿಯಿಂದ ನೀ ಕಳಿಸಿದ ಹಸ್ತಪ್ರತಿ ಮುಟ್ಟಿತು. ಕೊನೆಗೆ "ಬರೆಯೋದು ಬಿಡ್ತೀನಿ" ಅಂದೀಯಲ್ಲ, ಆ ಸಾಲು ನಾ ಓದಿಲ್ಲ ಅಂತ ತಿಳಕೋ. ಕಾಗುಣಿತ, ಅಧ್ಯಾಯದ ಉದ್ದ, ಪ್ರಕಾಶಕರ ಚಿಂತಿ ಆಮೇಲೆ. ನನ್ನ ತಕರಾರು ಒಂದೇ: ನಿನ್ನ ಪುಸ್ತಕದಾಗ ಹವಾಮಾನ ಕೆಮ್ಮಿದರ ಸಾಕು, ಮನುಷ್ಯ ಮರುದಿನವೇ ಬದಲಾಗ್ತಾನ.

ಕಾಡು ಒಣಗಿತು, ಮಂಗ ಹುಲ್ಲುಗಾವಲಿಗೆ ಇಳಿದು ಎದ್ದು ನಿಂತಿತು ಅಂತ ಬರದೀ. ಇಥಿಯೋಪಿಯಾದಾಗ ಮೂಳೆ ಸಿಕ್ಕ ಆರ್ಡಿಪಿಥೆಕಸ್ ಅನ್ನೋ ಆದಿಮಾನವ ಜೀವಿ 44 ಲಕ್ಷ ವರ್ಷ ಹಿಂದಿನದು. ಎರಡು ಕಾಲಲ್ಲಿ ನಡೀತಿತ್ತು, ಕೊಂಬೆ ಹಿಡಿಯೋ ಹೆಬ್ಬೆರಳೂ ಕಾಲಿಗಿತ್ತು. ಅಲ್ಲಿ ಎಷ್ಟು ಮರ ಇದ್ದವು ಅನ್ನೋದರ ಮೇಲೆ ಜಗಳ ಇನ್ನೂ ಮುಗಿದಿಲ್ಲ. ಆ ಜಗಳವನ್ನೇ ಬರೀಬೇಕಿತ್ತು. ಹಂಗೇ 74,000 ವರ್ಷ ಹಿಂದೆ ಸುಮಾತ್ರಾದಾಗ ಸಿಡಿದ ಟೋಬಾ ಜ್ವಾಲಾಮುಖಿ: ಆಂಧ್ರದ ಜ್ವಾಲಾಪುರಂನಲ್ಲಿ ಅದರ ಬೂದಿಯ ಕೆಳಗೂ ಮೇಲೂ ಕಲ್ಲಿನ ಆಯುಧ ಸಿಕ್ಕಾವ, ಅಂದರ ಸಿಡಿದ ಮೇಲೂ ಅಲ್ಲಿ ಮಂದಿ ಇದ್ದರು. ಬಿಟ್ಟೀಯಲ್ಲ, ಯಾಕ? ಪ್ರಳಯದ ಕಥಿ ಕೆಡ್ತದಂತಲೇ?

ಮೂರನೇ ಅಧ್ಯಾಯಕ್ಕಂತೂ ಸಿಟ್ಟು ಬಂತು. ಮಹಾ ಬರ ಬಿದ್ದದ್ದು 4200 ವರ್ಷ ಹಿಂದೆ, ನೀ "ಕ್ರಿ.ಪೂ. 4200" ಅಂದೀ. ವಿಜ್ಞಾನಿಗಳು "ಇಷ್ಟು ವರ್ಷ ಹಿಂದೆ" ಅನ್ನೋದನ್ನ 1950ರಿಂದ ಎಣಿಸ್ತಾರ. 4200ರಲ್ಲಿ 1950 ಕಳೆ, ಕ್ರಿ.ಪೂ. 2250 ಬರ್ತದ. ಹರಪ್ಪಾ ನಗರಗಳು ತುಂಬಿ ಬಾಳಿದ್ದು ಸುಮಾರು ಕ್ರಿ.ಪೂ. 2600ರಿಂದ 1900. "ಮಳೆ ನಿಂತಿತು, ನಗರ ಸತ್ತವು" ಅಂತ ನಾಕು ಶಬ್ದದಾಗ ಮುಗಿಸಿದೆಯಲ್ಲ, ನಡುವಿನ 350 ವರ್ಷ ಎಲ್ಲಿ ಹೋದವು? ಆಗ ಏನು ಬಿತ್ತಿದರು, ಯಾರು ಪೂರ್ವದ ಸಣ್ಣ ಊರುಗಳಿಗೆ ಗುಳೆ ಹೋದರು? ಪುಸ್ತಕ ಇರೋದು ಅಲ್ಲೇ.

ಸಾಕ್ಷಿಯನ್ನೂ ಅಳತಿ ಮೀರಿ ಎಳೀಬ್ಯಾಡ. ಮೇಘಾಲಯದ ಮಾಮ್ಲು ಗುಹೆಯಾಗ ನೀರು ಹನಿದು ಪದರ ಪದರವಾಗಿ ಬೆಳೆದ ಸುಣ್ಣದ ಕಂಬದಾಗ ಪದರದ ವಯಸ್ಸು ಹೇಳೋದು ಯುರೇನಿಯಂ ಕ್ಷಯಿಸಿ ಥೋರಿಯಂ ಆಗೋ ಲೆಕ್ಕ, ಮಳೆ ಹೇಳೋದು ಆಕ್ಸಿಜನ್-18ರ, ಅಂದರ ಭಾರದ ಆಕ್ಸಿಜನ್ನಿನ, ಪಾಲು: ಮುಂಗಾರು ಸೊರಗಿದರ ಅದು ಏರ್ತದ. ಆದರ ಅದು ಮೇಘಾಲಯದ ಮಳೆ. ಹರಪ್ಪಾ ಸೀಮೆಗೆ ಹತ್ತಿರದ ಸಾಕ್ಷಿ ಬೇಕಂದರ ಹರಿಯಾಣದ ಕೋಟ್ಲಾ ದಹರ್ ಕೆರೆಯ ಕೆಸರಿಗೆ ಹೋಗು. ಅದರಾಗಿನ ಬಸವನಹುಳದ ಚಿಪ್ಪಿನಾಗೂ ಅದೇ ಲೆಕ್ಕ ಸಿಗ್ತದ.

ಇಸವಿಯ ಪಕ್ಕದ "ಹೆಚ್ಚು-ಕಡಿಮೆ" ಅಂಕಿಯನ್ನ ಸಂಪಾದಕರು ಹೊಡೆದು ಹಾಕ್ತಾರ, ಓದುಗರಿಗೆ ತ್ರಾಸ ಅಂತ. ಬಿಟ್ಟುಕೊಡಬ್ಯಾಡ. ರೋಹಿಣಿ ಎಷ್ಟು ಬಂತು, ಮೃಗಶಿರಾ ಎಷ್ಟು ಕೈಕೊಟ್ಟಿತು ಅಂತ ಲೆಕ್ಕ ಇಡೋ ಮಂದಿ ಅದಕ್ಕ ಹೆದರ್ತಾರೇನು?

ಸಹಾರಾ ಮರುಭೂಮಿ ಒಂದು ಕಾಲಕ್ಕ ಹಸಿರಾಗಿದ್ದ ಕಥಿಯ ಎರಡು ಪುಟ ಭೇಷ್ ಆಗ್ಯಾವ. ಭೂಮಿಯ ಅಕ್ಷದ ಓಲಾಟಕ್ಕೂ ಆಫ್ರಿಕಾದ ಮಳೆಗಾಲಕ್ಕೂ ಇರೋ ನಂಟನ್ನ ಅಷ್ಟು ಸರಳವಾಗಿ ಕನ್ನಡದಾಗ ಹೇಳೋರು ಕಡಿಮಿ. ಯಾರಾದರೂ ಹೊಗಳಿದರ ಅದನ್ನಷ್ಟೇ ನಂಬು.

ಇನ್ನೊಂದು. ತುಂಗಭದ್ರೆಯ ದಂಡಿಗೆ, ನಿಮ್ಮ ಜಿಲ್ಲೆಯಾಗೇ, ನವಶಿಲಾಯುಗದ ಹಳ್ಳೂರು ಅದ. ಅದರ ಬಗ್ಗೆ ಒಂದು ಸಾಲೂ ಇಲ್ಲ!

ಮೂರನೇ ಅಧ್ಯಾಯ ಮೊದಲು ತಿದ್ದು. ತಿದ್ದಿದ್ದನ್ನಷ್ಟೇ ಕಳಿಸು, ಜೊತೆಗೆ ಕ್ಷಮಾಪಣೆಯ ಪತ್ರ ಬ್ಯಾಡ.