ಹಾಡಿಸುವ ಮೊದಲು ಮೈಕ್ ಪರೀಕ್ಷಿಸಿ

ಮಾನ್ಯರೇ,

ರಜೆಯಲ್ಲಿ ಅಜ್ಜಿಯರ ಹಾಡುಗಳನ್ನು ಸಂಗ್ರಹಿಸಿ ತನ್ನಿ ಎಂದು ವಿದ್ಯಾರ್ಥಿಗಳಿಗೆ ಹೇಳುವ ಅಧ್ಯಾಪಕರಿಗಾಗಿ ಈ ಪತ್ರ.

ಕಳೆದ ತಿಂಗಳು ನಮ್ಮ ಅತ್ತೆಯವರ ಬೀಸುವ ಪದಗಳನ್ನು ಧ್ವನಿಮುದ್ರಿಸಲು ಲ್ಯಾಪ್‌ಟಾಪ್‌ನಲ್ಲಿ ಆಡಾಸಿಟಿ ಎಂಬ ಧ್ವನಿಮುದ್ರಣ ತಂತ್ರಾಂಶ ತೆರೆದು ಕುಳಿತೆ. ಅವರಿಗೆ 84 ವರ್ಷ. ಕಲ್ಲಿನ ಮುಂದೆ ಕುಳಿತರೆ ಮಾತ್ರ ಪದ ನೆನಪಾಗುತ್ತದೆ ಎಂದರು. ಹಿತ್ತಿಲಲ್ಲಿದ್ದ ಬೀಸುವ ಕಲ್ಲನ್ನು ಒಳಗೆ ತರಿಸಿ, ಎರಡು ಹಿಡಿ ಜೋಳ ಕೊಟ್ಟು, ಸೆರಗಿಗೆ ಯುಎಸ್‌ಬಿ ಮೈಕ್ ಸಿಕ್ಕಿಸಿದೆ. ನಲವತ್ತು ನಿಮಿಷ ಹಾಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಕೊನೆಗೆ ಪರದೆ ನೋಡಿದರೆ ಸಮಯವೇನೋ ಓಡಿತ್ತು, ಆದರೆ ಅಲೆ ಏಳಬೇಕಾದ ಕಡೆ ನೂಲು ಹಿಡಿದಂತೆ ನೇರ ಗೆರೆ.

ತಪ್ಪು ನನ್ನದೇ. ತಂತ್ರಾಂಶ ತೆರೆದ ಮೇಲೆ ಮೈಕ್ ಚುಚ್ಚಿದ್ದೆ. ಆಡಾಸಿಟಿ ತೆರೆದ ಗಳಿಗೆಯಲ್ಲಿ ಇರುವ ಸಾಧನಗಳನ್ನಷ್ಟೇ ಪಟ್ಟಿ ಮಾಡಿಕೊಳ್ಳುತ್ತದೆ. ಆಮೇಲೆ ಬಂದ ಮೈಕ್ ಅದರಲ್ಲಿ ಸೇರಬೇಕಾದರೆ ‘ರೀಸ್ಕ್ಯಾನ್’ ಒತ್ತಬೇಕು, ಇಲ್ಲವೇ ಮುಚ್ಚಿ ಮತ್ತೆ ತೆರೆಯಬೇಕು. ನನ್ನಲ್ಲಿ ‘ಸ್ಟೀರಿಯೊ ಮಿಕ್ಸ್’ ಆಯ್ಕೆಯಾಗಿತ್ತು. ಅದು ಕಂಪ್ಯೂಟರಿನೊಳಗೆ ನುಡಿಯುವ ಸದ್ದನ್ನು ಮಾತ್ರ ಹಿಡಿಯುತ್ತದೆ. ಒಳಗೆ ಏನೂ ನುಡಿಯುತ್ತಿರಲಿಲ್ಲ. ಎರಡು ಮಾರು ದೂರದಲ್ಲಿ ಹಾಡುತ್ತಿದ್ದ ಮುದುಕಿಯ ದನಿ ಅದಕ್ಕೆ ತಲುಪಲೇ ಇಲ್ಲ.

ಗೆರೆಯನ್ನು ಹಿಗ್ಗಿಸಿ ನೋಡಿದಾಗ ಸಣ್ಣ ನಡುಕ ಕಂಡರೂ ಆಸೆ ಇಟ್ಟುಕೊಳ್ಳಬಹುದು, ‘ಆಂಪ್ಲಿಫೈ’ ಮಾಡಿ ದನಿಯನ್ನು ಮೇಲೆತ್ತಬಹುದು. ನನ್ನದರಲ್ಲಿ ಅದೂ ಇರಲಿಲ್ಲ. ಇನ್ನು ಕೆಲವರಿಗೆ ವೈರಿನ ಮ್ಯೂಟ್ ಗುಂಡಿಯೋ, ವಿಂಡೋಸ್‌ನ ಗೌಪ್ಯತೆ ಸೆಟ್ಟಿಂಗ್‌ನಲ್ಲಿ ಮೈಕ್ ಅನುಮತಿ ಇಲ್ಲದಿರುವುದೋ ಅಡ್ಡಬರುತ್ತದೆ. ಇವೆಲ್ಲಕ್ಕೂ ಒಂದೇ ಪರೀಕ್ಷೆ ಸಾಕು: ಹಾಡುವವರಿಂದ ಹೆಸರು, ಊರು ಹೇಳಿಸಿ, ಹತ್ತು ಸೆಕೆಂಡು ಮುದ್ರಿಸಿ, ಅವರ ಎದುರಿಗೇ ಕೇಳಿ ನೋಡುವುದು. ತಮ್ಮ ದನಿ ಕೇಳಿದರೆ ಹಿರಿಯರ ಅಳುಕೂ ಕಡಿಮೆಯಾಗುತ್ತದೆ.

ಎಂಟು ದಿನ ಬಿಟ್ಟು ಅತ್ತೆಯವರು ಮತ್ತೆ ಹಾಡಿದರು. ತವರಿನ ದಾರಿಯ ಪದ ಮಾತ್ರ ಬರಲಿಲ್ಲ. ‘ಅವತ್ತು ಬಂದಿತ್ತಲ್ಲ’ ಎಂದು ಕಲ್ಲು ತಿರುಗಿಸುತ್ತ ಕುಳಿತರು. ಇಂದಿಗೂ ಅದು ಸಿಕ್ಕಿಲ್ಲ.

ಜಾನಪದ ವಿಶ್ವವಿದ್ಯಾಲಯ ನಮ್ಮ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲೇ ಇದೆ. ಕ್ಷೇತ್ರಕಾರ್ಯಕ್ಕೆ ಹೊರಡುವ ಮಕ್ಕಳ ಕೈಗೆ ಈ ಪರೀಕ್ಷೆಯನ್ನು ವಿವರಿಸುವ ಒಂದು ಪುಟದ ಕನ್ನಡ ಸೂಚನೆ ಸಿಗುವಂತೆ ವಿಶ್ವವಿದ್ಯಾಲಯವೂ ಕಾಲೇಜುಗಳೂ ಮಾಡಬೇಕೆಂದು ಕೋರುತ್ತೇನೆ.

– ನಿವೃತ್ತ ಶಿಕ್ಷಕಿ, ಹಾನಗಲ್